ಖಾಲಾಳ ಡಬ್ಬಿಗೆ ಮೂವತ್ತೆರಡು

ನಮ್ಮ ಖಾಲಾಳನ್ನು ಊಟಕ್ಕೆ ಕರೆಯುವವರಿಗೆ ನನ್ನದೊಂದು ಪುಕ್ಕಟೆ ಸಲಹೆ: ಬಂಗಾರ ಹೊರಗಿದ್ದರೂ ಚಿಂತೆಯಿಲ್ಲ, ಡಬ್ಬಿಗಳನ್ನು ಮಾತ್ರ ಒಳಗಿಡಿ! ಖಾಲಾ ಎಂದರೆ ನಮ್ಮ ಅಮ್ಮನ ತಂಗಿ. ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಕಲಿಸುವಾಕೆ. ಆಕೆಯ ಕೈಚೀಲದಲ್ಲಿ ಕನ್ನಡಿಯಿಲ್ಲ, ಬಾಚಣಿಕೆಯಿಲ್ಲ. ಇರುವುದೆಲ್ಲ ಒಂದಿಂಚು ಉದ್ದ, ಒಂದಿಂಚು ಅಗಲ, ಒಂದಿಂಚು ಎತ್ತರದ ಮರದ ತುಂಡುಗಳು. ಅವಕ್ಕೆ ಆಕೆ ಘನ ಎನ್ನುತ್ತಾಳೆ. ಖಾಲಿ ಡಬ್ಬಿ ಕಂಡರೆ ಸಾಕು, ಒಂದೊಂದೇ ಜೋಡಿಸಿ ಎಷ್ಟು ಹಿಡಿಯುತ್ತವೆ ಎಂದು ಎಣಿಸದೆ ನೀರೂ ಮುಟ್ಟುವುದಿಲ್ಲ. ಡಬ್ಬಿ ಖಾಲಿ ಇಲ್ಲದಿದ್ದರೆ? ಖಾಲಿ ಮಾಡುತ್ತಾಳೆ.

ಸುರಪುರದಲ್ಲಿ ನಮ್ಮವರದೊಂದು ಮದುವೆ. ಗಂಡಿನ ಕಡೆಯವರ ಕೈಗೆ ಮಿಠಾಯಿ ಡಬ್ಬಿ ಕೊಡುತ್ತಿದ್ದರು. ಖಾಲಾ ಒಂದನ್ನು ಎತ್ತಿಕೊಂಡು, ಲಾಡುಗಳನ್ನು ತಟ್ಟೆಗೆ ಸುರಿದು, ಅಲ್ಲೇ ಚಾಪೆಯ ಮೇಲೆ ಘನ ಜೋಡಿಸಲು ಕೂತಳು. ನಲವತ್ತೆಂಟು ಹಿಡಿದವು. ಲಾಡು ಇದ್ದದ್ದು ನಾಲ್ಕು. ಉಳಿದದ್ದೆಲ್ಲ ಗಾಳಿ ಎಂದು ಬೀಗರ ಎದುರಿಗೇ ಸಾರಿದಳು. ಮದುವೆಯೇನೂ ನಿಲ್ಲಲಿಲ್ಲ. ಆದರೆ ಹೆಣ್ಣಿನ ತಂದೆ ಖಾಲಾಳ ಜೊತೆ ಮಾತು ನಿಲ್ಲಿಸಿ ಎರಡು ವರ್ಷವಾಯಿತು.

ಈ ಹುಚ್ಚಿಗೆ ಮರ ಒದಗಿಸುವ ಪಾಪಿ ನಾನೇ. ಶಹಾಪುರದಲ್ಲಿ, ಭೀಮರಾಯನಗುಡಿ ರಸ್ತೆಯಲ್ಲಿ, ನನ್ನದೊಂದು ಬಡಗಿ ಅಂಗಡಿ. ಬಾಗಿಲು, ಚೌಕಟ್ಟು, ದಿವಾನ ಮಾಡಿಕೊಂಡು ಮರ್ಯಾದೆಯಿಂದಿದ್ದೆ. ಒಂದು ದಿನ ಖಾಲಾ ಬಂದು ಸಾವಿರ ಘನ ಬೇಕೆಂದಳು. ಪಠ್ಯಪುಸ್ತಕದಲ್ಲಿ ಸೆಂಟಿಮೀಟರ್ ಘನ ಇದೆಯಲ್ಲ, ಇಂಚು ಯಾಕೆ ಎಂದು ಕೇಳಿದೆ.

“ಪುಸ್ತಕಕ್ಕ ಕೈ ಇಲ್ಲ. ಹುಡುಗರಿಗೆ ಅದಾವ,” ಎಂದಳು.

ಮನೆಯಲ್ಲಿ ನಾವೆಲ್ಲ ದಖನಿ ಉರ್ದು ಮಾತಾಡುವವರು. ಖಾಲಾ ಬೈಯುವುದೂ ದಖನಿಯಲ್ಲೇ, ಮುದ್ದು ಮಾಡುವುದೂ ದಖನಿಯಲ್ಲೇ. ಲೆಕ್ಕದ ಮಾತು ಬಂತೋ, ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಒಂಬತ್ತು ದಿನ ಕೂತು ಕೊಯ್ದ ಸಾವಿರ ತುಂಡುಗಳನ್ನು ಒಂದೊಂದಾಗಿ ಸ್ಕೇಲಿಗೆ ಹಿಡಿದು, ನೂರಾ ನಲವತ್ತನ್ನು ಶುದ್ಧ ಕನ್ನಡದಲ್ಲಿ ತಿರಸ್ಕರಿಸಿದಳು. ಕೂದಲೆಳೆಯಷ್ಟು ವ್ಯತ್ಯಾಸ ಯಾವ ಮಗುವಿಗೆ ಗೊತ್ತಾಗುತ್ತದೆ ಎಂದು ನಾನು ಗೊಣಗಿದೆ. ಹತ್ತು ಜೋಡಿಸಿದರೆ ಹತ್ತು ಕೂದಲಾಗುತ್ತದೆ, ಹುಡುಗರ ಲೆಕ್ಕ ತಪ್ಪಿದರೆ ತಿದ್ದಬಹುದು, ಘನವೇ ಸುಳ್ಳು ಹೇಳಿದರೆ ಯಾರು ತಿದ್ದುತ್ತಾರೆ ಎಂದು ತಿರುಗಿ ಕೇಳಿದಳು. ನಾನು ಮತ್ತೆ ಗರಗಸ ಹಿಡಿದೆ.

ಆಕೆಯ ಶಾಲೆ ಶಹಾಪುರದಿಂದ ಬೈಕಿನಲ್ಲಿ ಅರ್ಧ ಗಂಟೆಯ ಹಳ್ಳಿಯಲ್ಲಿದೆ. ಊರ ಹೆಸರು ಬರೆದರೆ ಮನೆಯಲ್ಲಿ ನನಗೆ ಊಟ ಸಿಗುವುದಿಲ್ಲ. ಅಲ್ಲಿ ಆಕೆಯದೊಂದು ಕಾನೂನು: ಉದ್ದವನ್ನು ಅಗಲದಿಂದ ಗುಣಿಸು, ಎತ್ತರದಿಂದ ಗುಣಿಸು ಎಂಬ ಸೂತ್ರವನ್ನು ಯಾರೂ ಹೇಳಿಕೊಡಕೂಡದು. ಮಕ್ಕಳು ಡಬ್ಬಿ ತುಂಬಬೇಕು, ಎಣಿಸಬೇಕು, ಬೇಸತ್ತು ತಾವೇ ಅಡ್ಡದಾರಿ ಹುಡುಕಬೇಕು. ಬೇರೆಯವರು ಎರಡು ದಿನದಲ್ಲಿ ಮುಗಿಸುವ ಘನಫಲದ ಪಾಠ ಈಕೆಗೆ ಇಪ್ಪತ್ತು ದಿನ. ಮುಖ್ಯಗುರುಗಳು ಒಳ್ಳೆಯವರು, ಹೆದರುವವರು. ತಪಾಸಣೆಗೆ ಬರುವ ಅಧಿಕಾರಿಗಳು ಸೂತ್ರವನ್ನೇ ಕೇಳುತ್ತಾರೆ, ಮಕ್ಕಳು ಹೇಳದಿದ್ದರೆ ಐದನೇ ತರಗತಿ ನಿಮ್ಮ ಕೈತಪ್ಪುತ್ತದೆ ಎಂದು ಮೂರು ಸಲ ಎಚ್ಚರಿಸಿದರು. ಹತ್ತೊಂಬತ್ತು ವರ್ಷದಿಂದ ಆಕೆ ಜೀವ ಇಟ್ಟುಕೊಂಡಿರುವುದೇ ಆ ತರಗತಿಯ ಮೇಲೆ. ಆದರೂ, ಬರಲಿ ನೋಡೋಣ ಎಂದಳು.

ಬಂದರು. ಮುಖ್ಯಗುರುಗಳು ಸ್ವಾಗತ ಭಾಷಣದಲ್ಲಿ ಅವರನ್ನು ಘನ ಅಧಿಕಾರಿಗಳು ಎಂದರು. ಹಿಂದಿನ ಬೆಂಚಿನ ಒಂದಿಬ್ಬರು ಮಕ್ಕಳು ಕಿಸಕ್ಕನೆ ನಕ್ಕರು. ತಪ್ಪು ಅವರದಲ್ಲ. ಆರೂ ಮುಖ ಒಂದೇ ಸಮ ಇದ್ದರೆ ಮಾತ್ರ ಘನ ಎಂದು ಖಾಲಾ ಕಲಿಸಿದ್ದಳು, ಸಾಹೇಬರು ಮುಂದಿನಿಂದ ಬಹಳ ಉಬ್ಬಿದ್ದರು!

ತಿದ್ದಿದ ಘನಗಳ ಚೀಲ ಕೊಡಲು ಹೋಗಿದ್ದ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಅಧಿಕಾರಿ ಮೇಜಿನ ಮೇಲಿನ ರಟ್ಟಿನ ಡಬ್ಬಿ ತೋರಿಸಿ, ಮೊದಲ ಸಾಲಿನ ಅಯ್ಯಮ್ಮ ಎಂಬ ಹುಡುಗಿಗೆ, ಇದು ಎಷ್ಟು ಘನ ಹಿಡಿಯುತ್ತದೆ ಎಂದು ಕೇಳಿದರು. ಅಯ್ಯಮ್ಮ ತಳಕ್ಕೆ ಹನ್ನೆರಡು ಜೋಡಿಸಿದಳು. ಅದರ ಮೇಲೆ ಇನ್ನೂ ಹನ್ನೆರಡು. ಡಬ್ಬಿ ಅಂಚಿಗೆ ಸಮವಾಯಿತು. ನನಗೆ ಉಸಿರು ಬಂತು. ಆದರೆ ಹುಡುಗಿ ನಿಲ್ಲಲಿಲ್ಲ! ಮೇಲೆ ನಟ್ಟನಡುವೆ ಆರು ಇಟ್ಟಳು. ಆ ಆರರ ಮೇಲೆ ಎರಡು ಇಟ್ಟು, ಕೈ ಕಟ್ಟಿ ನಿಂತು, ಮೂವತ್ತೆರಡು ಎಂದಳು.

ಅಧಿಕಾರಿ ನಕ್ಕರು. ಅವರು ನಕ್ಕದ್ದಕ್ಕೆ ಮುಖ್ಯಗುರುಗಳೂ ನಗಬೇಕಾಯಿತು. ಗುರುಗಳು ನಕ್ಕಮೇಲೆ ಇಡೀ ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ಖಾಲಾ ಆಕೆಯ ಪಕ್ಕಕ್ಕೆ ಕೂತು, ಮೇಲಿನ ಎಂಟು ಯಾಕೆ ಎಂದು ಮೆಲ್ಲಗೆ ಕೇಳಿದಳು.

“ಸೇರು ತುಂಬಿದ್ರ ಮ್ಯಾಲ ಗೋಪುರ ಬರಬೇಕ್ರಿ ಟೀಚರ್. ಸವರಿ ಕೊಡೋದು ಜೀನತನ ಅಂತಾಳ್ರಿ ನಮ್ಮವ್ವ.”

ನಮ್ಮ ಕಡೆ ಜೋಳ ಅಳೆದು ಕೊಡುವುದೇ ಹಾಗೆ. ನೆರೆಮನೆಗೆ ಒಂದು ಸೇರು ಜೋಳವನ್ನು ಅಂಚಿಗೆ ಸಮ ಸವರಿ ಕೊಟ್ಟರೆ ಮರುದಿನದಿಂದ ಅವರು ಮುಖ ಕೊಟ್ಟು ಮಾತಾಡುವುದಿಲ್ಲ. ಸವರಿದರೆ ಎಷ್ಟು ಎಂದು ಖಾಲಾ ಕೇಳಿದಳು. ಹುಡುಗಿ ಡಬ್ಬಿಯ ಕಡೆ ನೋಡಲೇ ಇಲ್ಲ.

“ಇಪ್ಪತ್ನಾಕ್ರಿ. ಪದರಿಗೆ ಹನ್ನೆರಡು, ಎರಡು ಪದರ.”

ಇನ್ನೇನು ಬೇಕಿತ್ತು? ಸೂತ್ರ ಬೇಕಿತ್ತಂತೆ! ಬಾಯಲ್ಲಿ ಹೇಳು ಎಂದರು. ಹುಡುಗಿಗೆ ಬರಲಿಲ್ಲ. ಆಗ ಅಧಿಕಾರಿ ದೊಡ್ಡ ಮನಸ್ಸು ಮಾಡಿದರು. ವಿದ್ಯಾರ್ಥಿನಿಯ ಉತ್ತರ ತಪ್ಪು, ನಾಳೆಯಿಂದ ಸೂತ್ರವನ್ನೇ ಕಲಿಸುತ್ತೇನೆ ಎಂದು ಬರೆದುಕೊಟ್ಟರೆ ಐದನೇ ತರಗತಿ ನಿಮಗೇ ಇರಲಿ ಎಂದರು. ಮುಖ್ಯಗುರುಗಳು ಓಡಿಹೋಗಿ ಕಾಗದ ತಂದರು.

“ಅಂಚಿನತನಕಾ ಅಂತ ನೀವು ಕೇಳಿದ್ರೇನ್ರಿ ಸರ್?” ಎಂದಳು ಖಾಲಾ. ಉತ್ತರಕ್ಕೆ ಕಾಯದೆ ಬರೆದಳು. ಮುಖ್ಯಗುರುಗಳು ಅದನ್ನು ಓದಿದರು. ವಿದ್ಯಾರ್ಥಿನಿಯ ಉತ್ತರ ಸರಿ ಇದೆ, ಪ್ರಶ್ನೆ ಅರ್ಧ ಇತ್ತು ಎಂದು ಬರೆದು ದಿನಾಂಕ ಸಮೇತ ಸಹಿ ಮಾಡಿದ್ದಳು. ಸಂಜೆ ಗಂಟೆ ಬಾರಿಸುವುದರೊಳಗೆ ಐದನೇ ತರಗತಿ ಹೋಯಿತು. ನಾಳೆಯಿಂದ ಒಂದನೆಯದು ಎಂದರು.

ಮನೆಗೆ ಮರಳುವಾಗ ಬೈಕಿನಲ್ಲಿ ದಾರಿಯುದ್ದಕ್ಕೂ ನಾನು ಬೈದೆ. ತಪ್ಪು ಎಂಬ ಎರಡಕ್ಷರ ಬರೆದಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು? ನಮ್ಮ ಊರಿನ ದೀಪ ಕಾಣುವ ಹೊತ್ತಿಗೆ ಹಿಂದೆ ಕೂತಾಕೆ ಕೇಳಿದಳು, ಅದೂ ಕನ್ನಡದಲ್ಲೇ:

“ಎಲ್ಲಾರೂ ನಕ್ಕಾರಲ್ಲ ಬೇಟಾ. ನಾಳೆ ಆ ಹುಡುಗಿ ಸಾಲಿಗಿ ಬರ್ತಾಳಿಲ್ಲ?”

ಹತ್ತಿ ಬಿಡಿಸುವ ದಿನಗಳವು. ಒಮ್ಮೆ ಮನಸ್ಸು ಮುರಿದ ಹುಡುಗಿ ಹೊಲದ ದಾರಿ ಹಿಡಿದರೆ ಮತ್ತೆ ತರಗತಿಗೆ ತಿರುಗುವುದು ಕಷ್ಟ ಎಂಬುದು ಆಕೆಗೆ ಗೊತ್ತಿತ್ತು. ಹೋದ ತರಗತಿಯ ಬಗ್ಗೆ ಆಕೆ ಒಂದು ಮಾತೂ ಆಡಲಿಲ್ಲ. ಬೈದದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಿಟ್ಟು ಬರಲು ಹೋದವನಿಗೆ ಹಿಂದಿರುಗಲು ಮನಸ್ಸಾಗಲಿಲ್ಲ. ಖಾಲಾ ಶಾಲೆಯ ಗೇಟಿನ ಬಳಿ ನಿಂತೇ ಇದ್ದಳು. ಗಂಟೆ ಆಯಿತು, ಪ್ರಾರ್ಥನೆ ಮುಗಿಯಿತು. ಒಂದನೆಯ ತರಗತಿಯ ಮಕ್ಕಳು ಕಾಯುತ್ತಿದ್ದಾರೆ ಎಂದು ಮುಖ್ಯಗುರುಗಳು ಒಳಗಿನಿಂದ ಎರಡು ಸಲ ಕೂಗಿದರು. ಆಕೆ ತಿರುಗಿಯೂ ನೋಡಲಿಲ್ಲ.

ಅಯ್ಯಮ್ಮ ಬಂದಳು. ಕಂಕುಳಲ್ಲಿ ಪುಸ್ತಕದ ಚೀಲ, ಕೈಯಲ್ಲಿ ಮನೆಯ ಜೋಳ ಅಳೆಯುವ ಕಬ್ಬಿಣದ ಸೇರು.

“ಅವ್ವ ಕೊಟ್ಟು ಕಳಿಸ್ಯಾಳ್ರಿ. ಇದಕ್ಕ ಎಷ್ಟು ಹಿಡೀತಾವ ಟೀಚರಿಗಿ ಕೇಳ್ಕೊಂಡು ಬಾ ಅಂದಾಳ.”

ಖಾಲಾ ಸೇರನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಒಂದನೆಯ ತರಗತಿಯ ಮಕ್ಕಳನ್ನೂ ಇಲ್ಲಿಗೇ ಕಳಿಸಿ ಎಂದು ಒಳಗೆ ಕೇಳುವಂತೆ ಹೇಳಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮ್ಮ ಖಾಲಾ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹುಡುಗಿ ಮಾತ್ರ ಸೇರಿನೊಳಗೆ ಇಣುಕಿ ಚಿಂತೆಗೆ ಬಿದ್ದಿದ್ದಳು.

“ಇದು ದುಂಡಗೈತ್ರಿ. ಸಂದಿ ಉಳೀತಾವಲ್ರಿ ಟೀಚರ್?”

“ಉಳೀಲಿ,” ಎಂದಳು ಖಾಲಾ, ಘನಗಳ ಚೀಲ ಬೋರಲು ಹಾಕುತ್ತ. “ನೀ ಬಂದಿಯಲ್ಲ. ತುಂಬು.”