ಸಣಕಲರ ಮನೆ ಹೆಪ್ಪು

ಕಂಡೋರ ಮನೆ ಬಾಗಿಲಲ್ಲಿ ನಿಂತು, ಮೊದ್ಲು ಆ ಮನೆಯೋರ ಸೊಂಟ ನೋಡಿ, ಆಮೇಲೆ "ಒಂದ್ ಚಮಚ ಹೆಪ್ಪು ಕೊಡಿ ತಾಯಿ" ಅನ್ನೋ ಗಂಡಸನ್ನ ನೀವು ನೋಡಿದೀರಾ? ನಾನು ನೋಡಿದೀನಿ. ನೋಡೋದೇನು, ನಮ್ಮಕ್ಕನ್ನ ಕೊಟ್ಟಿದ್ದೇ ಅವರಿಗೆ!

ನಮ್ಮ ಭಾವ ಅರಸೀಕೆರೇಲಿ ಕೊಬ್ಬರಿ ಮಂಡಿ ಇಟ್ಟಿದ್ರು. ಅವರು ಆಚೆಗೆ ಬಂದ್ರೆ ಅಂಗಡಿ ಒಳಗೆ ಬೆಳಕಾಗೋದು, ಅಂಥ ಮೈ! ಆ ಮೈತುಂಬ ಇದ್ದಿದ್ದು ಬರೀ ಭಯ. ಗುಡುಗು ಅಂದ್ರೆ ಭಯ, ಹಲ್ಲಿ ಅಂದ್ರೆ ಭಯ, ಡಾಕ್ಟ್ರು ಅಂದ್ರಂತೂ ಕೇಳ್ಬೇಡಿ. ಅಂಥೋರಿಗೆ ಡಾಕ್ಟ್ರು, "ಯಜಮಾನ್ರೇ, ತೂಕ ಇಳಿಸ್ದಿದ್ರೆ ಹಾರ್ಟು ತಡೆಯಲ್ಲ" ಅಂದ್ಬಿಟ್ರು. ಸಣ್ಣಗಿರೋರ ಕರುಳಲ್ಲಿರೋ ಕ್ರಿಮಿಗಳೇ ಬೇರೆ, ದಪ್ಪಗಿರೋರವೇ ಬೇರೆ ಅಂತ ಈಗೀಗ ಹೇಳ್ತಾರೆ ಅಂದ್ರು. ಊಟ ಕಮ್ಮಿ ಮಾಡಿ, ನಡೀರಿ, ಮೊಸರು ತಿನ್ನಿ, ಅದ್ರಲ್ಲಿ ಒಳ್ಳೇ ಜೀವಾಣು ಇರ್ತವೆ ಅಂತಾನೂ ಹೇಳಿದ್ರು.

ಊಟ, ನಡಿಗೆ ಎರಡೂ ಭಾವನ ಕಿವಿಗೆ ಬೀಳ್ಲೇ ಇಲ್ಲ. ಮನೆಗೆ ಬಂದು ಬೆವರ್ತಾ ಕೂತ್ರು.

"ಏನ್ಲಾ, ಮೊಸರಲ್ಲಿ ಜೀವ ಐತಂತಲ್ಲೋ! ನಾವು ಲಿಂಗ ಕಟ್ಟಿದೋರು, ಮೊಟ್ಟೆ ಮುಟ್ಟಲ್ಲ. ದಿನಾ ಕೋಟಿ ಜೀವ ನುಂಗ್ತಿದ್ನಾ?"

ನಾನು ಬಿಡ್ತೀನಾ? "ನುಂಗ್ತಿದ್ರಿ ಭಾವ. ಮಜ್ಜಿಗೆ ಕಡೆಯುವಾಗ ಕಿವಿಗೊಟ್ಟು ಕೇಳಿ, ಕೂಗ್ಕೋತವೆ!"

ಎಂಟು ದಿನ ಮೊಸರು ಮುಟ್ಲಿಲ್ಲ. ಕೊನೆಗೆ ಮಠಕ್ಕೆ ಹೋಗಿ ಸ್ವಾಮಿಗಳಿಗೆ ಅಡ್ಡಬಿದ್ರು. ಬುದ್ದಿಯೋರು ನಕ್ಕು, "ಕೊಲ್ಲೋಕಲ್ವಲ್ಲಪ್ಪ, ಸಾಕೋಕೆ ತಾನೆ? ಉಣ್ಣು" ಅಂದ್ರು.

ಸಾಕೋದು ಶುರುವಾಯ್ತು ನೋಡಿ! ಸುಟ್ಟೋಗ್ತವೆ ಅಂತ ಕಾಫಿ ಆರಿಸಿ ಕುಡಿಯೋರು. ಕುಲುಕಾಡ್ತವೆ ಅಂತ ಬಸ್ಸಲ್ಲಿ ಹಿಂದಿನ ಸೀಟಿಗೆ ಕೂರ್ತಿರ್ಲಿಲ್ಲ. ಇನ್ನು ಹೆಪ್ಪು! ತಮ್ಮನೆ ಹೆಪ್ಪಲ್ಲಿರೋದು ದಪ್ಪಗಿರೋರ ಕ್ರಿಮಿಗಳು, ಸಣಕಲರ ಮನೆ ಹೆಪ್ಪಾದ್ರೆ ಸಣಕಲರವು ಅಂತ ಅವರ ತರ್ಕ. ಅರಸೀಕೆರೆ ಸಣಕಲರನ್ನೆಲ್ಲ ಮುಗಿಸಿ, ಬೇಲೂರಿನ ಒಬ್ಬ ಒಣಕಲು ಮೇಷ್ಟ್ರ ಮನೆ ತನಕ ಲೋಟ ಹಿಡ್ಕೊಂಡು ಹೋದ್ರು. ಬಾಗಿಲು ತೆಗೆದಿದ್ದು ಮೇಷ್ಟ್ರ ಹೆಂಡ್ತಿ. ಆಯಮ್ಮ ಭಾವನಿಗಿಂತ ಒಂದು ಕೈ ಮೇಲು! ಭಾವ ಲೋಟ ಬೆನ್ನ ಹಿಂದೆ ಬಚ್ಚಿಟ್ಕೊಂಡು, "ಬಸ್ ಸ್ಟ್ಯಾಂಡ್ ಯಾವ ಕಡೆ ತಾಯಿ?" ಅಂದ್ರಂತೆ.

ಕೊನೆಗೆ ಹಳೇಬೀಡಿನ ನಮ್ಮನೆ ಹೆಪ್ಪೇ ಗತಿ. ನನ್ನಂಥ ಸಣಕಲ ಮೂರು ತಾಲ್ಲೂಕಲ್ಲಿ ಹುಡುಕಿದ್ರೂ ಸಿಗಲ್ಲ! ಪ್ರತಿ ಸೋಮವಾರ ಹೆಪ್ಪಿನ ಡಬ್ಬಿ ಹಿಡ್ಕೊಂಡು ಅರಸೀಕೆರೆ ಬಸ್ ಹತ್ತೋನು. ನಾನು ಹೋದ ತಕ್ಷಣ ಭಾವ ಕೊಬ್ಬರಿ ಮೂಟೆ ತೂಗೋ ಕಾಟಾ ಮೇಲೆ ನಿಲ್ಲೋರು. "ಚೀಲದ ತೂಕ ಕಳಿ ಕಣೋ" ಅಂತ ಪಂಚೆ, ಜುಬ್ಬಕ್ಕೆ ಒಂದು ಕೆಜಿ ಕಳೆಸೋರು. ನಾನು ಹಿಂದೆ ನಿಂತು ಕಾಲಿಂದ ಮೆಲ್ಲಗೆ ಕಾಟಾ ಒತ್ತೋನು. ಕೆಂಪು ಅಂಕಿ ಏರೋದು!

"ಇಳಿದೇ ಇಲ್ವಲ್ಲೋ! ಸತ್ತೋದ್ವೇನೋ?" ಅಂತ ಭಾವ ಗಾಬರೀಲಿ ಹೊಟ್ಟೆ ಸವರ್ಕೊಳೋರು. ನಾನು ಹಳೇಬೀಡು ಬರೋ ತನಕ ಬಸ್ಸಲ್ಲಿ ಒಬ್ಬನೇ ನಗೋನು.

ಒಂದು ಸೋಮವಾರ ಕಾಲು ಉಳುಕಿತ್ತು, ಒತ್ತಲಿಲ್ಲ. ಹನ್ನೊಂದು ಕೆಜಿ ಕಮ್ಮಿ!

"ಗೆದ್ದೆ ಕಣ್ಲಾ!" ಅಂತ ಭಾವ ಕುಣಿದ್ರು. ನಾನೂ ನಕ್ಕೆ. ಕಾಲು ವಾಸಿಯಾಗಿರ್ಲಿಲ್ಲ, ಮುಂದಿನ ವಾರಾನೂ ಒತ್ತಲಿಲ್ಲ; ಇನ್ನೂ ಮೂರು ಕೆಜಿ ಇಳೀತು. ಅದರಾಚೆ ವಾರ ಇನ್ನೂ ನಾಲ್ಕು. ಭಾವ ಕುಣೀಲಿಲ್ಲ. ಕಾಟಾ ಮೇಲೆ ನಿಂತು ನನ್ನ ಕಾಲನ್ನೇ ನೋಡಿದ್ರು.

ಅಕ್ಕನಿಗೆ ಗೊತ್ತಾಗ್ದಂಗೆ ಇಬ್ರೂ ಡಾಕ್ಟ್ರ ಹತ್ರ ಹೋದ್ವಿ. "ಇಷ್ಟು ಬೇಗ ಇಳಿಸೋದು ಮೊಸರಿನ ಕೈಲಾಗಲ್ಲ. ಹೊಟ್ಟೆ ಒಳಗೆ ಏನೋ ಇರೋ ಹಾಗಿದೆ, ಬೆಂಗಳೂರಲ್ಲಿ ಸ್ಕ್ಯಾನ್ ಮಾಡಿಸ್ಬೇಕು. ಯಾವಾಗಿಂದ ಇಳೀತಿದೆ?" ಅಂದ್ರು ಅವರು.

ಅಷ್ಟು ವಾರ ಅದನ್ನ ಮುಚ್ಚಿಟ್ಟಿದ್ದು ನನ್ನ ಕಾಲು. ಆವತ್ತು ಬಸ್ಸಲ್ಲಿ, ಇನ್ಮೇಲೆ ಕಾಟಾ ಒತ್ತಲ್ಲ ಅಂತ ಮನಸ್ಸಲ್ಲೇ ಆಣೆ ಮಾಡ್ಕೊಂಡೆ.

ಬೆಂಗಳೂರಲ್ಲಿ ಮಂಡಿ ಕೆಲ್ಸ ಐತೆ ಅಂತ ಅಕ್ಕನಿಗೆ ಸುಳ್ಳು ಹೇಳಿದ್ವಿ. ಹೊರಡೋ ಬೆಳಿಗ್ಗೆ ಅವಳು ಹಠ ಹಿಡಿದ್ಲು. "ಮುಖ ಸೊರಗೈತೆ ಕಣ್ರೀ. ಒಂದ್ಸಲ ನನ್ನೆದುರಿಗೆ ತೂಗ್ಸಿ."

ಭಾವ ಕಾಟಾ ಹತ್ತಿದ್ರು. ಅಕ್ಕ ಎದುರಿಗೆ ನಿಂತು ಅಂಕಿ ನೋಡ್ತಿದ್ಲು. ನಾನು ಹಿಂದೆ ನಿಂತಿದ್ದೆ, ಕಾಲನ್ನ ನೆಲಕ್ಕೆ ಅಂಟಿಸ್ಕೊಂಡು. ಇನ್ಮೇಲೆ ಜನ್ಮದಲ್ಲಿ ಒತ್ತಲ್ಲ ಅಂತ ಆಣೆ ಮಾಡಿದ್ನಲ್ಲ!

ಭಾವ ತಿರುಗ್ಲಿಲ್ಲ. ನನಗೊಬ್ಬನಿಗೇ ಕೇಳೋ ಹಾಗೆ ಅಂದ್ರು:

"ಮೊದ್ಲು ಒತ್ತುತಿದ್ಯಲ್ಲ, ಹಂಗೇ ಒತ್ತು ಕಣೋ. ನಿಮ್ಮಕ್ಕ ನೋಡ್ತಾವ್ಳೆ."