ಮೆತ್ತನೆ ರಾಡು, ರಬ್ಬರ್ ಕಪ್ಪೆ

ಯಾವುದೇ ಕೆಲಸ ಮಾಡುವುದಕ್ಕಿಂತ ಅದನ್ನು ಹೇಗೆ ಮಾಡಬೇಕೆಂದು ತಿಳಿದುಕೊಳ್ಳುವುದರಲ್ಲಿ ಹೆಚ್ಚು ಸುಖವಿದೆ. ಮಾಡಲು ಹೋದರೆ ಬೆವರು ಬರುತ್ತದೆ, ಕೆಲಸ ಕೆಡುತ್ತದೆ, ನಾಲ್ಕು ಜನ ನಗುತ್ತಾರೆ. ತಿಳಿದುಕೊಳ್ಳುವುದಕ್ಕೆ ದಿಂಬಿಗೆ ಒರಗಿಕೊಂಡರೆ ಸಾಕು. ನಮ್ಮ ಶಿವಮೊಗ್ಗದ ವಿನೋಬನಗರದಲ್ಲಿ ಈ ಸುಖ ಕಂಡುಕೊಂಡವರು ಬಹಳ ಮಂದಿ. ಓಡುವ ಬೂಟಿನ ಅಟ್ಟೆ ಎಷ್ಟು ದಪ್ಪವಿರಬೇಕೆಂದು ಬೆಳಗ್ಗೆ ಬೆಳಗ್ಗೆ ಉಪನ್ಯಾಸ ಕೊಡುವವರೊಬ್ಬರು ಪಾರ್ಕಿನ ಕಲ್ಲುಬೆಂಚಿನಿಂದ ಏಳುವುದೇ ಇಲ್ಲ. ನಮ್ಮ ಬೀದಿಯ ಕೊನೆಯ ಮನೆಯವರು ಕ್ಯಾಮೆರಾ ಲೆನ್ಸುಗಳ ವಿಷಯದಲ್ಲಿ ಮಹಾ ಪಂಡಿತರು. ಅವರು ತೆಗೆದ ಮಗಳ ಮದುವೆಯ ಫೋಟೋದಲ್ಲಿ ಮದುಮಗನಿಗೆ ತಲೆಯಿಲ್ಲ. ಇವರನ್ನೆಲ್ಲ ನೋಡಿ ನಾನು ಮನಸಾರೆ ನಗುತ್ತಿದ್ದೆ. ಆಮೇಲೆ ನನಗೆ ಮೀನು ಹಿಡಿಯುವ ಹುಚ್ಚು ಹತ್ತಿತು.

ಈ ಹುಚ್ಚಿಗೆ ಕಾರಣ ತೀರಿಹೋದ ನನ್ನ ಮಾವ. ಭದ್ರಾವತಿಯ ಓಲ್ಡ್ ಟೌನಿನವರು, ಕಾರ್ಖಾನೆಯಲ್ಲಿ ದುಡಿದವರು. ರಜೆ ಬಂತೆಂದರೆ ಗಾಳ ಹಿಡಿದು ಹೊಳೆಗೆ ಹೋಗುತ್ತಿದ್ದರು. ಅಂಗಡಿಯ ಮೀನನ್ನು ಬಾಯಿಗೆ ಇಟ್ಟವರಲ್ಲ. ಪ್ರತಿ ವರ್ಷ ಪಕ್ಷದ ಹಬ್ಬದಲ್ಲಿ ಅವರ ಫೋಟೋದ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಇಡುತ್ತೇವೆ. ಕಡುಬು, ಕೋಳಿಸಾರು, ಒಂದು ಕಟ್ಟು ಬೀಡಿ. ಎಲ್ಲಕ್ಕಿಂತ ಮುಖ್ಯವಾಗಿ ಹುರಿದ ಮುರುಗೋಡು ಮೀನು, ಅದೂ ಮನೆಯವರೇ ಹಿಡಿದದ್ದು. ಇಷ್ಟು ವರ್ಷ ಮಾವನ ತಮ್ಮ, ನಮ್ಮ ಚಿಕ್ಕಮಾವ, ಹಿಡಿದು ತರುತ್ತಿದ್ದರು. ಈಗ ಅವರಿಗೆ ಮಂಡಿನೋವು. ಹೋದ ವರ್ಷ ಹಬ್ಬದ ಊಟ ಮುಗಿದ ಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಗಂಡುಮಕ್ಕಳಿಲ್ಲದ ಮನೆ. ಇಬ್ಬರು ಅಳಿಯಂದ್ರಿದೀರ. ಅವರ ಎಡೆಗೆ ಅಂಗಡಿ ಮೀನು ಇಟ್ರೆ ನಂಗೆ ಅನ್ನ ಇಳಿಯಲ್ಲ ಕಣ್ರಪ್ಪಾ” ಅಂದರು. ನನ್ನ ಷಡ್ಡಕ ಮಂಜು, ಅಂದರೆ ನಾದಿನಿಯ ಗಂಡ, ಬಾಯಿ ತೆರೆಯುವುದರಲ್ಲಿದ್ದ. ಭದ್ರಾವತಿಯಲ್ಲೇ ಟೈರ್ ಅಂಗಡಿ ಇಟ್ಟುಕೊಂಡವನು, ಹೊಳೆ ಅವನ ಕಾಲಬುಡದಲ್ಲಿದೆ. ಅವನಿಗೆ ಅವಕಾಶ ಕೊಡಬಾರದೆಂದು ನಾನೇ ಮೊದಲು, “ನಾನಿದೀನಿ ಬಿಡಿ ಅತ್ತೆ” ಅಂದುಬಿಟ್ಟೆ. ಅಲ್ಲಿಯವರೆಗೆ ನಾನು ಮೀನನ್ನು ತಟ್ಟೆಯಲ್ಲಿ ಬಿಟ್ಟು ಬೇರೆಲ್ಲೂ ಭೇಟಿಯಾಗಿರಲಿಲ್ಲ.

ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತೆ. ಅಮೆರಿಕದ ಯಾವುದೋ ಕೆರೆಯಲ್ಲಿ ಕಪ್ಪು ಕನ್ನಡಕದ ಮಹಾಶಯನೊಬ್ಬ ಬಾಸ್ ಎಂಬ ಮೀನನ್ನು ಹಿಡಿಯುವುದು ಹೇಗೆಂದು ಹೇಳುತ್ತಿದ್ದ. ಭದ್ರಾ ಹೊಳೆಯಲ್ಲಿ ಬಾಸ್ ಇಲ್ಲ ಎಂಬುದು ನನಗೆ ಅಡ್ಡಿಯಾಗಲಿಲ್ಲ. ಅವನ ಪ್ರಕಾರ ಎಲ್ಲ ಗುಟ್ಟೂ ಇರುವುದು ರಾಡಿನ ಆಕ್ಷನ್ನಿನಲ್ಲಿ, ಅಂದರೆ ರಾಡು ಎಲ್ಲಿಂದ ಬಾಗುತ್ತದೆ ಎಂಬುದರಲ್ಲಿ. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೆ ಬಾಗಿದರೆ ಮಾಡರೇಟ್, ಬುಡದವರೆಗೂ ಬಳುಕಿದರೆ ಸ್ಲೋ. ಮೀನಿಗೆ ಮೋಸ ಮಾಡುವ ಆಟಿಕೆಗಳಿಗೆ ಲೂರ್ ಎಂದು ಹೆಸರು. ರಬ್ಬರ್ ಕಪ್ಪೆಯಲ್ಲಿ ಗಾಳ ಅಡಗಿರುತ್ತದೆ, ಅದು ಮೀನಿನ ದವಡೆಗೆ ನಾಟಬೇಕಾದರೆ ಗಡುಸಾದ ಫಾಸ್ಟ್ ರಾಡೇ ಬೇಕು. ಮುಳ್ಳುಮುಳ್ಳಾಗಿ ಗಾಳ ನೇತುಬಿದ್ದ ಪ್ಲಾಸ್ಟಿಕ್ ಮೀನಿಗಾದರೆ ಮೆತ್ತನೆಯ ಮಾಡರೇಟ್ ರಾಡು. ಗಡುಸಿನದರಲ್ಲಿ ಎಳೆದರೆ ಬಾಯಿ ಹರಿದು ಮೀನು ಹೋಗುತ್ತದೆ. ಇಷ್ಟು ತಿಳಿದ ಮೇಲೆ ಒಂದು ರಾಡು ಕೊಂಡು ಸುಮ್ಮನಿರುವುದು ವಿದ್ಯಾವಂತನಿಗೆ ಸಾಧ್ಯವೇ? ಮೂರು ತರಿಸಿದೆ. ಮೂರೂ ಕಪ್ಪು, ಒಂದೊಂದಕ್ಕೂ ಹೆಸರು ಬರೆದ ಒಂದು ಬಟ್ಟೆಚೀಲ. ತಾರಸಿಯ ಮೇಲೆ ನಿಂತು ಕಪ್ಪೆ ಎಸೆಯುವ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮಧ್ಯೆ ಕಪ್ಪೆ ಬಿದ್ದು ಅವರು ಚೀರಿಕೊಂಡಾಗ ನನ್ನ ಹೆಂಡತಿ ಸವಿತಾ, “ಅಪ್ಪ ಒಂದು ಬಿದಿರು ಕಡ್ಡೀಲಿ ಹಿಡೀತಿದ್ರು ಮಾರಾಯ್ರೇ” ಅಂದಳು. “ಅದರ ಆಕ್ಷನ್ ಏನಿತ್ತು ಅಂತ ಯಾರಿಗೆ ಗೊತ್ತು?” ಅಂದೆ. ಅವಳು ಕಪ್ಪೆ ಬಿಡಿಸಿಕೊಂಡು ಬರಲು ಪಕ್ಕದ ಮನೆಗೆ ಹೋದಳು.

ಜ್ಞಾನ ಹೊಟ್ಟೆಯಲ್ಲಿ ನಿಲ್ಲುವ ವಸ್ತುವಲ್ಲ. ಯುಗಾದಿಯ ಮರುದಿನ, ವರ್ಷತೊಡಕಿನ ಬಾಡೂಟಕ್ಕೆ ಓಲ್ಡ್ ಟೌನಿನಲ್ಲಿ ಎಲ್ಲರೂ ಸೇರಿದ್ದಾಗ, ಮೂರೂ ರಾಡುಗಳನ್ನು ನಡುಮನೆಯಲ್ಲಿ ಬಿಚ್ಚಿಟ್ಟು ಪಾಠ ಶುರುಮಾಡಿದೆ. ಚಿಕ್ಕಮಾವ ತೂಕಡಿಸಿದರು. ಮಕ್ಕಳು ಎದ್ದುಹೋದರು. ಮಂಜು ಮಾತ್ರ ಕೈಗೆ ಸಿಕ್ಕ ಮೆತ್ತನೆ ರಾಡಿಗೆ ರಬ್ಬರ್ ಕಪ್ಪೆ ಕಟ್ಟಿಕೊಂಡು, “ಇದ್ರಲ್ಲಿ ಒಂದು ಕೈ ನೋಡ್ತೀನಣ್ಣ” ಅಂತ ಹೊಳೆಯ ಕಡೆಗೆ ಹೊರಟ. ನಾನು ಅದನ್ನು ಕಿತ್ತುಕೊಂಡೆ. “ತಲೆ ಇದೆಯೇನೋ ನಿಂಗೆ? ಕಪ್ಪೆಗೆ ಮೆತ್ತನೆ ರಾಡು ಹಾಕೋನು ಏನೂ ಗೊತ್ತಿಲ್ಲದ ದಡ್ಡ. ಇದ್ರಲ್ಲಿ ಮುರುಗೋಡು ಬಿದ್ದಿದ್ದೇ ಆದ್ರೆ ನನ್ನ ಮೀಸೆ ಬೋಳಿಸ್ತೀನಿ” ಅಂದೆ. ಮನೆಯವರೆಲ್ಲ ಕೇಳಿಸಿಕೊಂಡರು. ಚಿಕ್ಕಮಾವ ಕೂಡ ಆ ಒಂದು ವಾಕ್ಯಕ್ಕೆ ಸರಿಯಾಗಿ ಎಚ್ಚರವಾದರು.

ಈ ವರ್ಷದ ಪಕ್ಷದ ಹಬ್ಬಕ್ಕೆ ಸವಿತಾಳನ್ನು ಹಿಂದಿನ ದಿನವೇ ತವರಿಗೆ ಕಳಿಸಿ, ಬೆಳಗ್ಗೆ ಶಿವಮೊಗ್ಗದಿಂದ ಸ್ಕೂಟರಿನಲ್ಲಿ ಹೊರಟು, ಮಾವ ಹೋಗುತ್ತಿದ್ದ ಜಾಗಕ್ಕೇ ಹೋದೆ. ಹೊಳೆಯ ಬದಿಯಲ್ಲಿ ಜೊಂಡು ಬೆಳೆದ ನಿಂತ ನೀರು. ಗಡುಸು ರಾಡಿನ ಚೀಲ ಬಿಚ್ಚಿ, ಕಪ್ಪೆ ಕಟ್ಟಿ ಎಸೆಯುತ್ತ ಹೋದೆ. ಜೊಂಡಿಗೆ ಸಿಕ್ಕಿತು, ಮರಕ್ಕೆ ಸಿಕ್ಕಿತು, ನನ್ನ ಅಂಗಿಗೂ ಸಿಕ್ಕಿತು. ಅತ್ತೆ ಬಾಣಲೆ ತೊಳೆದಿಟ್ಟು ಕಾಯುತ್ತಿರುತ್ತಾರೆಂದು ನೆನೆದು ಇನ್ನೂ ದೂರಕ್ಕೆ ಎಸೆಯತೊಡಗಿದೆ. ವಾಪಸ್ಸು ಹೊರಡಬೇಕು ಅನ್ನುವಷ್ಟರಲ್ಲಿ ನೀರು ಬುಳುಕ್ಕೆಂದಿತು. ಕಪ್ಪೆ ಮಾಯ! ಆಮೇಲೆ ನಾನೇನು ಮಾಡಿದೆನೋ ನನಗೆ ಗೊತ್ತಿಲ್ಲ. ಕನ್ನಡಕದವನು ಹೇಳಿಕೊಟ್ಟದ್ದು ಒಂದೂ ನೆನಪಾಗಲಿಲ್ಲ. ಅಯ್ಯೋ ಅಯ್ಯೋ ಅನ್ನುತ್ತ ರಾಡು ಹಿಡಿದುಕೊಂಡು ಹಿಂದಕ್ಕೆ ನಡೆದೆ, ಕೆಸರಿನಲ್ಲಿ ಕುಕ್ಕರಿಸಿದೆ. ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ತೋಳುದ್ದದ ಮುರುಗೋಡು ಒದ್ದಾಡುತ್ತಿತ್ತು. ಖುಷಿಗೆ ನನಗೆ ಅಳು ಬಂತು ಅಂದರೆ ನೀವು ನಂಬಬೇಕು.

ಓಲ್ಡ್ ಟೌನಿನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ, ಬಟ್ಟೆಯ ಕೆಸರನ್ನು ನಲ್ಲಿಯಲ್ಲಿ ತೊಳೆದುಕೊಂಡು, ರಾಡನ್ನು ಪ್ರೀತಿಯಿಂದ ಒರೆಸುತ್ತಿದ್ದೆ. ಕೆಸರು ಹೋದಂತೆ ಹಿಡಿಯ ಮೇಲಿನ ಅಕ್ಷರಗಳು ಕಂಡವು: ಮಾಡರೇಟ್. ಮೆತ್ತನೆ ರಾಡು! ಸವಿತಾ ಹಬ್ಬದ ಮುಂಚೆ ಚೀಲಗಳನ್ನು ಒಗೆದು ಒಂದರದ್ದು ಇನ್ನೊಂದಕ್ಕೆ ತೊಡಿಸಿಟ್ಟಿದ್ದಳು. ಅವಳದ್ದೇನು ತಪ್ಪು? ಇಷ್ಟು ತಿಂಗಳು ಗಡುಸು ಮೆತ್ತಗೆ ಅಂತ ಊರಿಗೆಲ್ಲ ಪಾಠ ಹೇಳಿದ ನಾನು ಬೆಳಗ್ಗೆಯಿಂದ ಅದೇ ರಾಡನ್ನು ಬೀಸಿದರೂ ನನ್ನ ಕೈಗೆ ಗುರುತು ಹತ್ತಿರಲಿಲ್ಲ. ಅಷ್ಟರಲ್ಲಿ ಎಲ್ಲರೂ ಹೊರಗೆ ಬಂದರು. ಮಂಜು ಮೀನಿನ ಚೀಲದೊಳಗೆ ಇಣುಕಿ, “ಅಬ್ಬಾ, ಏನ್ ಮೀನಣ್ಣ! ಯಾವ ರಾಡಲ್ಲಿ ಬಿತ್ತು? ಕಪ್ಪೆಗಾ?” ಅಂತ ಕೇಳಿದ. ಪಾಪ, ನಿಜವಾಗಿ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. ಅವನ ಕಣ್ಣು ಆಗಲೇ ನನ್ನ ಕೈಯಲ್ಲಿದ್ದ ರಾಡಿನ ಹಿಡಿಯ ಕಡೆಗೆ ಇಳಿಯುತ್ತಿತ್ತು. ನಾನು ಮೀಸೆಯ ಮಾತು ನೆನಪಾಗಿ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು, “ಮಾರ್ಕೆಟ್ಟಲ್ಲಿ ತಂದೆ ಕಣೋ. ಹೊಳೇಲಿ ಒಂದೂ ಸಿಗ್ಲಿಲ್ಲ” ಅಂದೆ. ಮುರುಗೋಡನ್ನು ಮಾರ್ಕೆಟ್ಟಿನಲ್ಲೂ ತೊಟ್ಟಿಯಲ್ಲಿ ಜೀವಂತ ಇಟ್ಟೇ ಮಾರುತ್ತಾರೆ, ನನ್ನ ಸುಳ್ಳಿಗೆ ಮೀನು ಚೆನ್ನಾಗಿ ಹೊಂದಿಕೊಂಡಿತು. ಅತ್ತೆಯ ಮುಖ ಮಾತ್ರ ಬಾಡಿತು. “ಹೋಗ್ಲಿ ಬಿಡಿ, ಏನ್ಮಾಡೋಕಾಗುತ್ತೆ” ಅಂತ ಚೀಲ ತೆಗೆದುಕೊಂಡು ಒಳಗೆ ಹೋದರು.

ಮೀನು ಶುಚಿ ಮಾಡಲು ಕೂತ ಸವಿತಾ ನನ್ನನ್ನು ಹಿತ್ತಲಿಗೆ ಕರೆದಳು. “ಇದ್ರ ಬಾಯಲ್ಲಿ ಗಾಳ ಚುಚ್ಚಿದ ಗಾಯ ಇದೆ. ಇನ್ನೂ ಹಸೀದು” ಅಂದಳು. “ಮಾರೋನೂ ಗಾಳ ಹಾಕೇ ಹಿಡಿದಿರ್ತಾನೆ, ಬೆಣ್ಣೆ ತೋರಿಸಿ ಕರೀತಾನಾ?” ಅಂದೆ. ಅವಳು ನನ್ನ ಒದ್ದೆ ಪ್ಯಾಂಟನ್ನೂ ಮುಖವನ್ನೂ ಒಂದು ಸಲ ನೋಡಿ ಕತ್ತಿ ಕೈಗೆ ತೆಗೆದುಕೊಂಡಳು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎಡೆ ಇಟ್ಟಾಯಿತು. ಧೂಪ ಹಾಕಿ ಎಲ್ಲರೂ ಫೋಟೋದ ಮುಂದೆ ಕೈಮುಗಿದು ನಿಂತೆವು. ಮಾವ ಜೀವನವಿಡೀ ತಿನ್ನುತ್ತಿದ್ದಂಥದೇ ಮೀನು, ಅವರದೇ ಜಾಗದ್ದು, ಅವರ ಮುಂದೆ ಬಿಸಿಬಿಸಿಯಾಗಿ ಹಬೆಯಾಡುತ್ತಿತ್ತು. ಅತ್ತೆ ಫೋಟೋದ ಹತ್ತಿರ ಬಾಗಿ, ಗಂಡನ ಕಿವಿಯಲ್ಲಿ ಹೇಳುವಂತೆ ಮೆಲ್ಲಗೆ ಹೇಳಿದರು: “ಬೇಜಾರು ಮಾಡ್ಕೋಬೇಡಿ. ಈ ಸಲ ಅಂಗಡಿ ಮೀನು. ದೊಡ್ಡ ಅಳಿಯಂದ್ರು ಪಾಪ ಬೆಳಗ್ಗೆಯಿಂದ ಒದ್ದಾಡಿದಾರೆ. ಅದೇನೋ, ರಾಡು ಸರಿ ಇರ್ಲಿಲ್ವೋ ಏನೋ.” ನನಗೆ ನಾಚಿಕೆಯಾಯಿತು. ಮೀಸೆ ಹೋದರೆ ಹೋಗಲಿ, ಹಿಡಿದವನು ನಾನೇ ಎಂದು ಹೇಳಿಬಿಡೋಣ ಅಂತ ಒಂದು ಹೆಜ್ಜೆ ಮುಂದೆ ಬಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಮಂಜುವೂ ತಿರುಗಿದ. ನನ್ನ ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು.

“ಅತ್ತೆ,” ಅಂದೆ, “ರಾಡಿನದೇನೂ ತಪ್ಪಿಲ್ಲ.”