ಹಳದಿ ಸಲ್ಲುವ ಏಳು ಮನೆಗಳು

ಬ್ರೆಡ್ ಅಂಗಡಿಯ ಕಿಟಕಿಯಲ್ಲಿ ಊರಿನ ಇನ್ನೊಬ್ಬ ಬೆಳೆಗಾರ್ತಿ ಸೊಲಾಂಜ್ ಲಫಾರ್ಗ್‌ಳ ವೈನ್ ಬಾಟಲಿ ಕಂಡದ್ದೇ ತಡ, ಗಾಸ್ತೋಂ ಓಹೆಗನ್‌ಗೆ ಪಿತ್ತ ನೆತ್ತಿಗೇರಿತು. ಬಾಟಲಿಯ ಮೇಲೆ ಹಾರ್ಪ್ ಚಿತ್ರವಿತ್ತು. ಐರಿಷರ ತಂತಿವಾದ್ಯ. ಇಂಗ್ಲಿಷರಿಗೆ ಜಮೀನು ಕಳೆದುಕೊಂಡು, ಹಡಗು ಹತ್ತಿ ಫ್ರಾನ್ಸಿನ ಬೋರ್ಡೋಗೆ ಬಂದು, ಈ ಊರಿನ ಜಲ್ಲಿಕಲ್ಲಿನ ನೆಲದಲ್ಲಿ ದ್ರಾಕ್ಷಿ ನೆಟ್ಟ ಮೂಲಪುರುಷ ಫೆಲಿಂ ಓಹೆಗನ್‌ನ ಗುರುತು ಅದು. ಮುನ್ನೂರು ವರ್ಷದಿಂದ ತನ್ನ ಮನೆಯದು, ತನ್ನ ಮನೆಯದು ಮಾತ್ರ. ಸಿಟ್ಟು ಬರದೆ ಇರುತ್ತದೆಯೇ?

ಅದೂ ಇವತ್ತೇ. ಡಬ್ಲಿನ್‌ನ ಐರಿಷ್ ವ್ಯಾಪಾರಿ ಸಂಜೆ ವೈನ್ ಕೊಳ್ಳಲು ಬರುವವನಿದ್ದ. ಹಾರ್ಪ್ ಇಲ್ಲದ ಬಾಟಲಿಯನ್ನು ಆತ ಮೂಸಿಯೂ ನೋಡುವುದಿಲ್ಲ. ಗಾಸ್ತೋಂನ ಎರಡು ವರ್ಷದ ವೈನ್ ನೆಲಮಾಳಿಗೆಯಲ್ಲಿ ಅವನನ್ನೇ ಕಾಯುತ್ತಾ ಕೂತಿತ್ತು.

ಅವನ ಮನೆಯಲ್ಲಿ ಅಂದು ಮೊಟ್ಟೆ ಒಡೆಯುವ ದಿನ ಬೇರೆ. ಪೀಪಾಯಿಗೆ ಆರು ಮೊಟ್ಟೆಯ ಬಿಳಿ ಕದಡಿ ಹಾಕಿದರೆ ಮಡ್ಡಿ ತಳಕ್ಕಿಳಿದು ವೈನ್ ತಿಳಿಯಾಗುತ್ತದೆ; ಹಳದಿ ಒಂದು ಹನಿಯೂ ಬೆರೆಯಕೂಡದು. ಉಳಿದ ಹಳದಿಯನ್ನು ಫೆಲಿಂನ ಕಾಲದಿಂದಲೂ ಊರಿನ ಏಳು ಮನೆಗಳಿಗೆ ಕೊಡುವುದು ವಾಡಿಕೆ. ಅವರು ಅದಕ್ಕೆ ರಮ್ ಸೇರಿಸಿ ಪುಟ್ಟ ಕೇಕ್ ಮಾಡಿಕೊಳ್ಳುತ್ತಾರೆ. ಅವೇ ಏಳು ಮನೆ ಯಾಕೆ ಎಂದು ಯಾರೂ ಕೇಳಿದ್ದಿಲ್ಲ.

ಸೊಲಾಂಜ್ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು.

"ನಿಮಗೆ ಹಳದಿ ಇಲ್ಲ," ಎಂದ ಗಾಸ್ತೋಂ.

"ಯಾಕಪ್ಪಾ, ಕೋಳಿಗಳು ಮುಷ್ಕರ ಹೂಡಿದ್ವಾ?"

"ಹಾರ್ಪ್ ಕದ್ದವರಿಗೆ ಈ ಮನೇಲಿ ಏನೂ ಸಿಗಲ್ಲ."

"ಕದಿಯೋಕೆ ಅದೇನು ನಿನ್ನ ಸೈಕಲ್ಲಾ? ನಮ್ಮಲ್ಲೂ ಐರಿಷ್ ರಕ್ತ ಇದೆ ಅಂತ ನಮ್ಮಜ್ಜಿ ಹೇಳ್ತಿದ್ರು."

"ಎರಡು ಲೋಟ ಇಳಿದ್ಮೇಲೆ ನಿಮ್ಮಜ್ಜಿ ಇನ್ನೂ ಏನೇನೋ ಹೇಳ್ತಿದ್ರು."

ಸೊಲಾಂಜ್ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಗಾಸ್ತೋಂ ನೆಟ್ಟಗೆ ಬೆಳೆಗಾರರ ಸಂಘದ ಅಧ್ಯಕ್ಷ ಫಿರ್ಮಾಂ ಮೇಷ್ಟ್ರ ಬಳಿ ಹೋಗಿ, ಮಧ್ಯಾಹ್ನಕ್ಕೇ ಸಭೆ ಕರೆಸಿದ. ಅಲ್ಲಿ ನೋಡಿದರೆ, ಅಷ್ಟೋ ಇಷ್ಟೋ ದ್ರಾಕ್ಷಿ ತೋಟವಿದ್ದ ಆ ಏಳು ಮನೆಯವರೂ ಖಾಲಿ ಬಟ್ಟಲು ಹಿಡಿದೇ ಬಂದಿದ್ದರು.

"ನನಗೂ ಇಲ್ವಾ?" ಎಂದ ಬ್ರೆಡ್ ಅಂಗಡಿಯವನು. "ನಾನೇನು ಮಾಡ್ದೆ?"

"ಅವರ ಬಾಟಲಿ ನಿಮ್ಮ ಕಿಟಕೀಲಿತ್ತು. ಯಾರಿಗೂ ಇಲ್ಲ."

ಗಾಸ್ತೋಂ ಮೇಜು ಗುದ್ದಿ ತಾನೇ ಬರೆದ ಠರಾವು ಓದಿದ: ಫೆಲಿಂನ ರಕ್ತದವರು ಮಾತ್ರ ಹಾರ್ಪ್ ಹಾಕಬೇಕು, ಉಳಿದವರು ಇವತ್ತೇ ಲೇಬಲ್ ಕಿತ್ತುಹಾಕಬೇಕು. ಮೊದಲ ಸಹಿ ಅವನದೇ. ಮಿಕ್ಕವರು ಗೊಣಗುತ್ತಾ ಸಹಿ ಹಾಕಿದರು.

ಆಮೇಲೆ ಆ ರಕ್ತ ಯಾರದೆಂದು ತೋರಿಸಲು ಗಾಸ್ತೋಂ, ಫೆಲಿಂ ಕೈಯಾರೆ ಬರೆದ ಪುಸ್ತಕವನ್ನು ಮನೆಯಿಂದ ತಂದ ಗಾಜಿನ ಪೆಟ್ಟಿಗೆಯಿಂದ ತೆಗೆದು ಮೇಷ್ಟ್ರ ಮುಂದಿಟ್ಟ. ಓಹೆಗನ್ ಮನೆಯವರು ಅದಕ್ಕೆ ತಲೆತಲಾಂತರದಿಂದ ಗೌರವ ಕೊಟ್ಟಿದ್ದರೇ ಹೊರತು, ಆ ಕಾಗೆ ಕಾಲಿನ ಅಕ್ಷರ ಕಂಡು ಮೊದಲ ಪುಟ ದಾಟಿದವರಿಲ್ಲ. ಮೇಷ್ಟ್ರು ಕನ್ನಡಕ ಏರಿಸಿದರು.

"ಗಟ್ಟಿಯಾಗಿ ಓದಿ ಮೇಷ್ಟ್ರೇ, ಎಲ್ಲರಿಗೂ ಕೇಳಲಿ," ಎಂದ ಗಾಸ್ತೋಂ.

"'ಹಳದಿ ಸಲ್ಲಬೇಕಾದ ಮನೆಗಳು. ಲಫಾರ್ಗ್, ಬ್ರೆಡ್ ಅಂಗಡಿ, ಕಮ್ಮಾರ...' ಏಳೂ ಇವೆ."

"ಗೊತ್ತಿರೋದೇ. ಮುಂದೆ?"

"'ಈ ಏಳು ಮನೆಗಳಲ್ಲಿ ನನ್ನ ಮಕ್ಕಳು ಬೆಳೆಯುತ್ತಿದ್ದಾರೆ. ನನ್ನ ಹೆಸರು ಕೊಡೋಣವೆಂದರೆ ಆ ತಾಯಂದಿರ ಗಂಡಂದಿರು ಸುಮ್ಮನಿರುವುದಿಲ್ಲ. ಹಳದಿಯನ್ನಾದರೂ ತಿನ್ನಲಿ.'"

ಬ್ರೆಡ್ ಅಂಗಡಿಯವನು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಸೊಲಾಂಜ್ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಸರಿ, ಅವರೂ ಇರಲಿ," ಎಂದ ಗಾಸ್ತೋಂ, ಕಿವಿ ಕೆಂಪಗಾಗಿತ್ತು. "ನಮ್ಮ ವಂಶದ ಬಗ್ಗೆ ಏನಿದೆ, ಅದನ್ನ ಓದಿ."

ಮೇಷ್ಟ್ರು ಒಮ್ಮೆ ಅವನ ಮುಖ ನೋಡಿ, ಓದಿದರು.

"'ನಾನು ಮದುವೆಯಾದವನಲ್ಲ. ಮನೆ, ತೋಟ, ಹೆಸರು ಎಲ್ಲವನ್ನೂ ನನ್ನ ಆಳು ಜಾಂ ಎಂಬವನಿಗೆ ಬಿಟ್ಟಿದ್ದೇನೆ. ಅವನು ನನ್ನ ರಕ್ತವಲ್ಲ. ಆದರೆ ಹಳದಿ ಕದಡದಂತೆ ಮೊಟ್ಟೆ ಒಡೆಯಬಲ್ಲವನು ಈ ಊರಿನಲ್ಲಿ ಅವನೊಬ್ಬನೇ.'"

ಸಂಜೆ ಡಬ್ಲಿನ್‌ನವನು ಏಳು ಮನೆಗೂ ಹೋಗಿ, ಕುಡಿದು, ಕೈಕುಲುಕಿ, ಎಲ್ಲರನ್ನೂ ನೆಂಟರೇ ಎಂದು ಕರೆದ. ತನ್ನದೇ ಠರಾವಿನಂತೆ ಗಾಸ್ತೋಂ ತನ್ನ ಬಾಟಲಿಗಳ ಹಾರ್ಪನ್ನು ಬಿಸಿನೀರಲ್ಲಿ ನೆನೆಸಿ ಕೀಳುತ್ತಿದ್ದ. ಅದನ್ನು ಮುಗಿಸಿ ಮೊಟ್ಟೆ ಬುಟ್ಟಿಯ ಮುಂದೆ ಕೂತಾಗ ಸೊಲಾಂಜ್ ಬಟ್ಟಲು ಚಾಚಿದಳು.

"ಸಿಟ್ಟಲ್ಲಿ ಒಡೀಬೇಡ ಗಾಸ್ತೋಂ. ನಿಮ್ಮ ಮನೆತನಕ್ಕೆ ಉಳಿದಿರೋದು ಅದೊಂದು ಕೈಗುಣ."

ಗಾಸ್ತೋಂ ಹಲ್ಲು ಕಚ್ಚಿ ಮೊಟ್ಟೆ ಕುಟ್ಟಿದ. ಹಳದಿ ಒಡೆದು ಬಿಳಿಯ ತುಂಬಾ ಹರಡಿತು.